ನೂಲು ಸುತ್ತಿದ ಉಳಿ

ತಾಮ್ರದ ತಟ್ಟೆಗೆ ಉಪ್ಪು, ನಿಂಬೆಸಿಪ್ಪೆ ಹಾಕಿ ತಿಕ್ಕುತ್ತಿದ್ದವಳ ಕೈ ಹಾಗೇ ನಿಂತಿತು. ಒಳಗಿನ ಕೆಲಸದ ಕೋಣೆಯಿಂದ ಟಿಕಿಟಿಕಿ ಸದ್ದು. ಅದು ಗಂಡನ ಪೆಟ್ಟಲ್ಲ. ಅವನು ದೊಡ್ಡ ಸುತ್ತಿಗೆಯಲ್ಲಿ ತಗಡು ಬಡಿದು ರೂಪ ಕೊಡುವವನು. ಅದರ ಮೇಲೆ ಎಲೆಯ ನರ, ಹಕ್ಕಿಯ ಗರಿ ಮೂಡಿಸುವುದು ಅವಳ ಪಾಲು. ಹಿಡಿಗೆ ನೂಲು ಸುತ್ತಿದ ಅವಳ ಉಳಿಯನ್ನು ಇಪ್ಪತ್ತಾರು ವರ್ಷದಲ್ಲಿ ಅವನು ಮುಟ್ಟಿದವನಲ್ಲ.

ಅನುಮಾನ ಇಂದು ನಿನ್ನೆಯದಲ್ಲ. ಮೂರು ತಿಂಗಳ ಹಿಂದೆ ದೊಡ್ಡ ಪ್ರದರ್ಶನವೊಂದರಿಂದ ಕರೆ ಬಂದಿತ್ತು. ಇಬ್ಬರಲ್ಲಿ ಒಬ್ಬರೇ ಬರಬೇಕು, ಬರೀ ತಗಡಿನಿಂದ ಕೊನೆಯವರೆಗೂ ಜನರೆದುರು ಮಾಡಿ ತೋರಿಸಬೇಕು, ಫಲಕದ ಮೇಲೆ ಅವರದೇ ಹೆಸರು. ಹೆಸರು ತುಂಬಿ ಕಳಿಸಬೇಕಾದ ಕಾಗದ ಅಂದೇ ಅವನ ಜೇಬು ಸೇರಿತು. ಕೇಳಿದರೆ, "ಕಳಿಸ್ತೀನಿ ಬಿಡೇ, ಏನು ರೈಲು ಹೊರಟುಹೋಗುತ್ತಾ?" ಎನ್ನುತ್ತಿದ್ದ. ಅಕ್ಕ ಬೇರೆ ಫೋನಿನಲ್ಲಿ ಒಗ್ಗರಣೆ ಹಾಕಿದ್ದಳು: "ನಿನ್ನ ವಿದ್ಯೆ ಕಲ್ತ್ಕೊಂಡು ನಿನ್ನನ್ನ ಪಾತ್ರೆ ತಿಕ್ಕೋಕೆ ಕೂರಿಸ್ತಾನೆ, ನೋಡ್ತಿರು."

ಒದ್ದೆ ಕೈಯಲ್ಲೇ ಬಾಗಿಲು ತಳ್ಳಿದಳು. ಅವಳ ಉಳಿ ಎಡಗೈಯಲ್ಲಿದ್ದ ಹಾಗೇ ಅವನು ಗಡಬಡಿಸಿ, ತಗಡನ್ನು ಕಚ್ಚಿ ಹಿಡಿಯುವ ಅರಗಿನ ಹಾಸಿನ ಮೇಲಿದ್ದ ತಗಡಿಗೆ ಬಟ್ಟೆ ಮುಚ್ಚಿದ. ಅವಳು ಎಳೆದು ಬಿಸಾಕಿದಳು. ಎಲೆಯ ನರಗಳು ಕೋಳಿ ಕೆದರಿದ ಹಾಗಿದ್ದವು.

"ಕದ್ದು ಕಲಿತ ವಿದ್ಯೆ ಹೀಗೇ ಇರುತ್ತೆ. ನನ್ನ ಬಿಟ್ಟು ಒಬ್ರೇ ಹೋಗೋ ಯೋಚನೇನಾ?"

ಅವನು ಬಲಗೈಯಲ್ಲಿ ದೊಡ್ಡ ಸುತ್ತಿಗೆ ಎತ್ತಿದ. ಎತ್ತಿದ ಕೈ ಮೇಲೆಯೇ ನಡುಗಿತು. ಪೆಟ್ಟು, ಬಡಿಯುವ ಅಡಿಗಲ್ಲಿನ ಮೇಲಿದ್ದ ಬರೀ ತಗಡು ತಪ್ಪಿ ಕಲ್ಲಿನ ಅಂಚಿಗೆ ಬಿತ್ತು.

"ಕೈ ಹೀಗಾಗಿ ನಾಲ್ಕು ತಿಂಗಳಾಯ್ತು ಕಣೇ. ಸಣ್ಣ ಕೆಲಸಕ್ಕಾದ್ರೂ ಬರ್ತೀನೇನೋ ಅಂತ ನೋಡ್ದೆ."

ಈಚಿನ ತಟ್ಟೆಗಳಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬಿದ್ದಿತ್ತು. ಮನಸ್ಸು ಎಲ್ಲೋ ಇಟ್ಟು ಬಡಿಯುತ್ತಾರೆ ಎಂದು ಬೈದುಕೊಂಡೇ ಅವಳು ಅವನ್ನು ಹಿಂದಿನಿಂದ ತಟ್ಟಿ ಸರಿಮಾಡಿದ್ದಳು. ಆದರೂ ಈಗ ಬಾಯಿಮಾತು ನಂಬದೆ ಅವನ ಮಣಿಕಟ್ಟು ಹಿಡಿದು ನೋಡಿದಳು. ಸದ್ದು ನಿಂತ ಮೇಲೂ ಅದುರುವ ತಗಡಿನಂತೆ ಒಳಗೊಳಗೇ ಅದುರುತ್ತಿತ್ತು.

"ಆ ಕಾಗದ ಕೊಡಿ."

ಅವನು ಜೇಬಿನಿಂದ ತೆಗೆದ ಕಾಗದ ಮಡಿಕೆಯಲ್ಲಿ ಸವೆದುಹೋಗಿತ್ತು. ಹೆಸರಿನ ಜಾಗ ಖಾಲಿ.

"ನನ್ನ ಹೆಸರು ಬರೆದ್ರೆ ಸುಳ್ಳು. ನಿನ್ನದು ಬರೆದ್ರೆ, ಇವನ ಕೈಗೇನಾಯ್ತು ಅಂತ ನಾಲ್ಕು ಜನ ಕೇಳ್ತಾರೆ."

"ಕೇಳ್ಲಿ. ದೊಡ್ಡ ಸುತ್ತಿಗೆ ಹಿಡಿಯೋದು ನಂಗೆ ಹೇಳ್ಕೊಡಿ. ಕದ್ದು ಕಲಿಯೋ ಬುದ್ಧಿ ನಂಗಿಲ್ಲ."

ಅಲ್ಲೇ ನಿಂತು ತನ್ನ ಹೆಸರು ಬರೆದು, ಲಕೋಟೆ ಅಂಟಿಸಿದಳು.

"ತಾ, ನಾನು ಹಾಕಿ ಬರ್ತೀನಿ."

"ಬೇಡಿ. ನಿಮ್ಮ ಜೇಬು ನೋಡಿದ್ದೀನಿ."

ಬೀದಿ ಕೊನೆಯ ಅಂಚೆಪೆಟ್ಟಿಗೆಯವರೆಗೆ ಅವನೂ ಹಿಂದೆಯೇ ಬಂದ. ಕಾಗದ ಹಾಕಿದವಳು, ಬಿತ್ತೋ ಇಲ್ಲವೋ ಎಂದು ಎರಡು ಬೆರಳು ತೂರಿಸಿ ತಡಕಿದಳು. ತಿರುಗಿದಾಗ, ನೂಲು ಸುತ್ತಿದ ಅವಳ ಉಳಿ ಇನ್ನೂ ಅವನ ಎಡಮುಷ್ಟಿಯಲ್ಲೇ ಇತ್ತು.