ಮೂರನೆಯ ಕೂಗು

ಗಂಡಹೆಂಡಿರ ಜಗಳ, ಮಕ್ಕಳು ಯಾರ ಬಳಿ ಇರಬೇಕೆಂಬ ತಕರಾರು, ಎಲ್ಲವೂ ಆ ಕುಟುಂಬ ನ್ಯಾಯಾಲಯದ ಬಾಗಿಲಿಗೇ ಬರಬೇಕು. ಬಾಗಿಲಲ್ಲಿ ನಿಂತು ಹೆಸರು ಕೂಗುವುದು ಅವನ ಕೆಲಸ. ಕಂಚಿನ ಕಂಠ, ವಕೀಲರೆಲ್ಲ ಅವನನ್ನು ಕರೆಯುತ್ತಿದ್ದುದೇ ಮೈಕು ಎಂದು.

ಇವತ್ತು ಪಟ್ಟಿಯಲ್ಲಿ ಮುಂದಿನ ಹೆಸರು ಅವನ ಮಗಳದು.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೋರ್ಟು ಐದು ವರ್ಷದ ಅವಳನ್ನು ತಾಯಿಗೆ ಒಪ್ಪಿಸಿತ್ತು. ಆಮೇಲೆ ಈ ಹೇಡಿ ಅತ್ತ ತಲೆ ಹಾಕಿಯೂ ಮಲಗಿರಲಿಲ್ಲ. ಈಗ ಗಂಡ ಎತ್ತಿಕೊಂಡು ಹೋದ ಕೂಸಿಗಾಗಿ ಅವಳೇ ಹತ್ತು ತಿಂಗಳಿಂದ ಅಲೆಯುತ್ತಿದ್ದಾಳೆ. ಕೂಗುವವನು ತನ್ನ ಅಪ್ಪನೆಂದು ಅವಳಿಗೆ ಗೊತ್ತಿಲ್ಲ. ಅರ್ಜಿಯಲ್ಲಿ ತಾಯಿಯ ಹೆಸರು ಕಂಡು ಗುರುತು ಹಿಡಿದ ಇವನೂ ತುಟಿಪಿಟಕ್ಕೆಂದಿಲ್ಲ. ಸಿಬ್ಬಂದಿಯ ಮಗಳೆಂದು ತಿಳಿದರೆ ಸಾಕು, ಗಂಡನ ವಕೀಲ ಕೇಸನ್ನು ತಮ್ಮೂರಿನ ಕೋರ್ಟಿಗೆ ಎಳೆದೊಯ್ಯುತ್ತಾನೆ. ಮತ್ತೆ ಎಲ್ಲ ಮೊದಲಿಂದ.

ಹೋದ ಸಲ ಜ್ವರವೆಂದು ಅವಳು ಬಂದಿರಲಿಲ್ಲ. ಇನ್ನೊಮ್ಮೆ ತಪ್ಪಿದರೆ ಅರ್ಜಿ ವಜಾ ಎಂದಿದ್ದರು ನ್ಯಾಯಾಧೀಶರು. ಈಗ ಅವಳ ಬೆಂಚು ಖಾಲಿ. ಯಾವುದೋ ಕಾಗದದ ಜೆರಾಕ್ಸಿಗೆ ಕೆಳಗಿಳಿದದ್ದನ್ನು ಅವನೇ ಕಂಡಿದ್ದ. ಬಾಗಿಲು ಬಿಟ್ಟು ಹೋಗುವಂತಿಲ್ಲ.

ಪಟ್ಟಿಯಲ್ಲಿದ್ದ ಹೆಸರನ್ನು ಒಮ್ಮೆ ಕೂಗಿದ. ಕೆಳಗಿನ ಎರಡು ಮಹಡಿಗಳಲ್ಲೂ ಯಾರ್‍ಯಾರದೋ ಹೆಸರು ಕೂಗುತ್ತಿದ್ದರು. ಆ ಗದ್ದಲದಲ್ಲಿ ಅವಳ ಹೆಸರೂ ಕರಗಿಹೋಯಿತು. ಇನ್ನೊಮ್ಮೆ ಕೂಗಿದ. ಯಾರೂ ಬರಲಿಲ್ಲ.

"ಏನಯ್ಯಾ, ಮೈಕು ಕೆಟ್ಟೋಯ್ತಾ?" ಗಂಡನ ವಕೀಲ ಗಡಿಯಾರ ನೋಡುತ್ತ ನಕ್ಕ.

"ಮೂರನೇ ಸಲ ಕರೀರಿ, ಮುಗಿಸೋಣ," ಎಂದರು ನ್ಯಾಯಾಧೀಶರು.

ಅದೇ ಹೆಸರು ಕೂಗಿದರೆ ಅದೇ ಗತಿ. ದಿಕ್ಕು ತೋಚದೆ ಮೆಟ್ಟಿಲ ಕಡೆ ತಿರುಗಿದ. ಚಿಕ್ಕವಳಿದ್ದಾಗ ಅವಳನ್ನು ಆಟದಿಂದ ಮನೆಗೆ ಕರೆಯುವಾಗ ಬಾಯಿಗೆ ಬರುತ್ತಿದ್ದ ಹೆಸರು ಆಗ ತಾನಾಗಿ ಬಂದುಬಿಟ್ಟಿತು.

"ಗುಬ್ಬೀ! ಓಡಿ ಬಾರೇ, ಗುಬ್ಬೀ!"

ಕೆಳಗಿನಿಂದ ಎರಡೆರಡು ಮೆಟ್ಟಿಲು ಹಾರಿ ಬರುವ ಸದ್ದು. ಕಾಗದಗಳನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತ ಅವಳು ಬಾಗಿಲಲ್ಲಿ ನಿಂತಳು. ಅರ್ಜಿ ಉಳಿಯಿತು ಎಂದು ಅವನಿಗೆ ಹೋದ ಜೀವ ಬಂದಂತಾಯಿತು.

ಆದರೆ ಅವಳು ನ್ಯಾಯಾಧೀಶರತ್ತ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಬೇಡ, ಅನ್ನಬೇಡ ಎಂದು ಅವನು ಕಣ್ಣಲ್ಲೇ ಅಂಗಲಾಚಿದ, ತಲೆಯಾಡಿಸಿದ.

"ಅಪ್ಪಾ?" ಎಂದಳು.

"ಮಹಾಸ್ವಾಮಿ, ಒಂದು ನಿಮಿಷ," ಎನ್ನುತ್ತ ಗಂಡನ ವಕೀಲ ಆಗಲೇ ಎದ್ದು ನಿಂತಿದ್ದ.