ಮುನೀಂದ್ರ ಸ್ಲೈಡ್ ನೋಡಿದ್ದು

ಕಲಾವತಿಗೆ ಲಿವರ್ ಆಪರೇಷನ್ ಆಗಿ ಆರು ತಿಂಗಳು ಕಳೆದರೂ ಅವಳ ಗಂಡ ಮುನೀಂದ್ರನ ಬಾಯಲ್ಲಿ ಕ್ಯಾನ್ಸರ್ ಎಂಬ ಪದ ಒಮ್ಮೆಯೂ ಬಂದಿರಲಿಲ್ಲ. ತಮ್ಮೂರು ಬಾಗಲೂರಿನಲ್ಲಿ ಯಾರಾದರೂ ವಿಚಾರಿಸಿದರೆ "ಒಟ್ಟೇಲಿ ಸಣ್ಣ ಗಡ್ಡೆ ಇತ್ತು, ತೆಗೆದವ್ರೆ" ಎಂದು ಮಾತು ಮುಗಿಸಿಬಿಡುತ್ತಿದ್ದ. ಅವಳಿಗೆ ಕಾಯಿಲೆ ಬಂದದ್ದು ಹೆಪಟೈಟಿಸ್ ಬಿ ಸೋಂಕಿನಿಂದ, ಅದು ಗಂಡಹೆಂಡಿರ ನಡುವೆ ಹರಡಬಹುದು, ನೀವೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆಸ್ಪತ್ರೆಗೆ ಹೋದಾಗಲೆಲ್ಲ ಡಾಕ್ಟರು ಹೇಳುತ್ತಿದ್ದರು. "ಆಗಲಿ ಸಾರ್" ಎಂದು ತಲೆಯಾಡಿಸಿ ಜಾರಿಕೊಳ್ಳುತ್ತಿದ್ದ.

ಆ ದಿನ ಹೆಬ್ಬಾಳದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮುಗಿಸಿ ಹೊರಬರುವಾಗ ನಂದಿತಾ ಎದುರಾದಳು. ಅಲ್ಲಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ತೆಗೆದ ಗಡ್ಡೆಯಲ್ಲಿ ಒಂದು ಚೂರನ್ನು ತನ್ನ ಕೆಲಸಕ್ಕೆ ಕೊಡುತ್ತೀರಾ ಎಂದು ಆಪರೇಷನ್ನಿಗೆ ಮುಂಚೆ ಕಲಾವತಿಯನ್ನು ಕೇಳಿ ಒಪ್ಪಿಸಿದ್ದವಳು.

"ನನ್ನ ಗಡ್ಡೆ ಚೂರು ಏನ್ ಮಾಡ್ದೆ ಕಣಮ್ಮ? ತೋರ್ಸು, ನೋಡಾಣ" ಎಂದಳು ಕಲಾವತಿ.

ನಂದಿತಾ ತನ್ನ ಸರ್ ಹತ್ತಿರ ಕೇಳಿಕೊಂಡು ಬಂದು, ಚೂರಿಟ್ಟ ಗಾಜಿನ ಸ್ಲೈಡ್ ತೋರಿಸಲು ಇಬ್ಬರನ್ನೂ ಲ್ಯಾಬಿಗೆ ಕರೆದಳು.

"ನೀನು ಓಗು, ನಾನಿಲ್ಲೇ ಕೂತಿರ್ತೀನಿ" ಎಂದು ಮುನೀಂದ್ರ ಬಾಗಿಲ ಹೊರಗೇ ಉಳಿದ. ಒಳಗಿನ ಮಾತು ಮಾತ್ರ ಕೇಳುತ್ತಿತ್ತು.

"ಕಂದು ಗೆರೆ ಕಾಣ್ತಿದ್ಯಲ್ಲ ಆಂಟಿ, ಅದೊಂದು ಪ್ರೋಟೀನು, ಕ್ಯಾಡ್ಹೆರಿನ್ ಅಂತ. ಜೀವಕೋಶಗಳನ್ನ ಒಂದಕ್ಕೊಂದು ಹಿಡಿದಿಡುತ್ತೆ. ಗಡ್ಡೇಲಿ ಅದು ಕಮ್ಮಿಯಾದ್ರೆ ಕೋಶಗಳು ಬಿಡಿಬಿಡಿಯಾಗಿ ಬೇರೆ ಕಡೆ ಹರಡೋ ಸಾಧ್ಯತೆ ಜಾಸ್ತಿ. ಯಾಕೆ ಕಮ್ಮಿಯಾಗುತ್ತೆ ಅಂತ ನಾವು ಹುಡುಕ್ತಿರೋದು."

ಆಮೇಲೆ ಕಲಾವತಿ ಕರೆದಳು. "ರೀ, ಬನ್ನಿ ಇಲ್ಲಿ. ಚೆನ್ನಾಗೈತೆ."

ಮುನೀಂದ್ರ ಒಲ್ಲದ ಮನಸ್ಸಿನಿಂದ ಎದ್ದು ಹೋದ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಮೊದಲು ತನ್ನ ರೆಪ್ಪೆಕೂದಲೇ ಕಂಡಿತು. ನಂದಿತಾ ಸರಿಮಾಡಿಕೊಟ್ಟಳು. ತಿಳಿನೀಲಿಯ ಚುಕ್ಕೆಗಳ ಸುತ್ತ ತೆಳ್ಳನೆಯ ಕಂದು ಗೆರೆಗಳು. ಒಂದು ಕಡೆ ಅಚ್ಚುಕಟ್ಟಾಗಿದ್ದವು. ಇನ್ನೊಂದು ಕಡೆ ಮಸುಕಾಗಿ, ಅಲ್ಲಲ್ಲಿ ಅಳಿಸಿಹೋಗಿದ್ದವು.

"ಈ ಮಸುಕಾಗಿರೋದು?"

"ಅದು ಗಡ್ಡೆ ಅಂಕಲ್. ಪಕ್ಕದ್ದು ಚೆನ್ನಾಗಿರೋ ಲಿವರು."

ಅವನು ಕಣ್ಣು ತೆಗೆಯದೆ ಕೇಳಿದ. "ಇವಳಿಗೆ ಕ್ಯಾನ್ಸರು ಮತ್ತೆ ಬರ್ತದಾ?"

ಕಲಾವತಿ ತಿರುಗಿ ಗಂಡನ ಮುಖ ನೋಡಿದಳು.

"ಒಬ್ಬರ ಸ್ಲೈಡ್ ನೋಡಿ ಹಾಗೆ ಹೇಳಕ್ಕಾಗಲ್ಲ ಅಂಕಲ್. ಸುಳ್ಳು ಹೇಳಿದ ಹಾಗಾಗುತ್ತೆ" ಎಂದಳು ನಂದಿತಾ. "ಸ್ಕ್ಯಾನ್ ತಪ್ಪಿಸ್ಬೇಡಿ, ಸೋಂಕಿನ ಮಾತ್ರೆ ನಿಲ್ಲಿಸ್ಬೇಡಿ. ಬಂದ್ರೂ ಬೇಗ ಗೊತ್ತಾದ್ರೆ ದಾರಿಗಳಿವೆ."

ಧೈರ್ಯದ ಮಾತು ಬೇಕಿತ್ತು ಅವನಿಗೆ. ಆದರೂ ಹುಡುಗಿ ಮುಚ್ಚುಮರೆ ಮಾಡಲಿಲ್ಲವಲ್ಲ ಎಂದು ಎದೆಯ ಭಾರ ಕೊಂಚ ಇಳಿಯಿತು.

ಕೆಳಗಿಳಿದು ರಕ್ತ ತೆಗೆಯುವ ಕೋಣೆ ದಾಟುವಾಗ ಮುನೀಂದ್ರ ನಿಂತ.

"ಏನ್ರೀ?"

"ಭಯ ಕಣೆ. ನಂಗೂ ಆ ಸೋಂಕು ಇದ್ದು, ನಾನೂ ಮಲಗಿಬಿಟ್ರೆ ನಿನ್ನ ನೋಡ್ಕೊಳ್ಳೋರು ಯಾರು ಅಂತ."

"ಇದ್ರೆ ಇಬ್ರೂ ಒಟ್ಟಿಗೆ ತೋರಿಸ್ಕೊಳ್ಳಾಣ. ಹೆಂಗೂ ಒಂದೇ ಬಸ್ಸಲ್ಲಿ ಬತ್ತೀವಲ್ಲ" ಎಂದು ಕಲಾವತಿ ಅವನ ಶರ್ಟಿನ ತೋಳು ಮಡಚಿದಳು.

ಅವನ ರಕ್ತದಲ್ಲಿ ಸೋಂಕು ಇರಲಿಲ್ಲ. ಅವಳ ಸ್ಕ್ಯಾನಿನಲ್ಲೂ ಈ ಸಲ ಹೊಸದೇನೂ ಕಾಣಲಿಲ್ಲ. ಮುಂದಿನ ವಾರ ಮುನೀಂದ್ರ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಇಂಜೆಕ್ಷನ್ ತೆಗೆದುಕೊಂಡು, ತೋಳು ಉಜ್ಜಿಕೊಳ್ಳುತ್ತಾ ಹೊರಬಂದ. ಅವನ ಹುಳ್ಳಗಿನ ಮುಖ ನೋಡಿ ಕಲಾವತಿಗೆ ನಗು ತಡೆಯಲಾಗಲಿಲ್ಲ.