ಹಣ್ಣು ಹುಳು ಆಯುವ ದಿನದ ಕೂಲಿ

ಜಂಗಮಕೋಟೆಯ ಸುತ್ತ ನನ್ನಂಥ ಕೈ ಇನ್ನೊಂದಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ನಮ್ಮ ಮನೆಯಲ್ಲಿ ಹೇಳುವವರಿಲ್ಲ. ನಾನು ಹುಳುಮನೆಯ ಬಾಗಿಲು ತೆಗೆದರೆ ಸಾಕು, ಲಕ್ಷ ರೇಷ್ಮೆಹುಳುಗಳು ಒಟ್ಟಿಗೆ ತಲೆಯೆತ್ತಿ ‘ಬಂದಳು ಶಿರೀಷಾ’ ಎನ್ನುತ್ತವೆ. ನಾನು ಸೊಪ್ಪು ಹೆಚ್ಚುವ ವೇಗಕ್ಕೆ ಮಚ್ಚು ಕಾದು, ಅದರ ಮೇಲೆ ದೋಸೆ ಹುಯ್ಯಬಹುದು. ಹನ್ನೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಬೆಳೆಯೂ ಕೆಟ್ಟಿಲ್ಲ.

ಗೂಡನ್ನು ಮಾತ್ರ ಶಿಡ್ಲಘಟ್ಟದ ಮಾರುಕಟ್ಟೆಗೆ ನನ್ನ ಗಂಡ ರಮೇಶ್‌ಬಾಬು ಒಯ್ಯುತ್ತಾನೆ. ಎದುರಿಗೆ ‘ರೀ’ ಎನ್ನುತ್ತೇನೆ. ಮನಸ್ಸಿನಲ್ಲಿ ಆ ಬಹುವಚನ ಕಿತ್ತುಹಾಕಿ ತಿಂಗಳಾಯಿತು. ದುಡ್ಡು ಅವನ ಖಾತೆಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅದು ಅವನು ಬೆಳೆದ ಬೆಳೆ.

ಹೋದ ಬೆಳೆಯಲ್ಲಿ ನಾನು ಕೇಳಿದ್ದು ಹೊಸ ಚಂದ್ರಿಕೆ. ಹುಳು ಗೂಡು ಕಟ್ಟುವ ನಮ್ಮ ಬಿದಿರು ತಟ್ಟಿಗಳು ನನ್ನ ಅತ್ತೆಗಿಂತ ಹಿರಿಯವು. ಬಂದದ್ದು ಬುಲೆಟ್ ಬೈಕು. ಅದರ ಸದ್ದಿಗೆ ಮೂರು ಊರಿನ ಕೋಳಿಗಳು ಕಾವು ಬಿಟ್ಟು ಎದ್ದವು.

“ಒಂದು ಮಾತು ಕೇಳಬಾರದಿತ್ತೇನ್ರೀ?”

“ಕೇಳೋದೇನು ಬಂತು? ಮನೆಗೇ ತಾನೇ ತಂದಿರೋದು!”

ಹೀಗಿರುವಾಗ ಚಾಕಿ ಕೇಂದ್ರದ ಭಾನುಪ್ರಕಾಶ್ ಬಂದರು. ಮೊಟ್ಟೆಯೊಡೆದ ಎಳೆಹುಳುಗಳನ್ನು ಕೆಲವು ದಿನ ಸಾಕಿ ರೈತರಿಗೆ ಮಾರುವ ಜಾಗ ಅವರದು. ಎಳೆಹುಳು ನೋಡಿಕೊಳ್ಳಲು ನನ್ನ ಕೈಯೇ ಬೇಕಂತೆ. ತಿಂಗಳಿಗೆ ಹದಿನಾಲ್ಕು ಸಾವಿರ, ಸೋಮವಾರದಿಂದಲೇ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ ಹೇಳಿದ: “ನಮ್ಮವಳು ಕೆಲಸಕ್ಕೆಲ್ಲ ಹೋಗಲ್ಲ ಸಾರ್. ಮನೇಲೇ ಇರ್ತಾಳೆ.”

ಮನೇಲೇ ಇರ್ತಾಳೆ! ನಾಲ್ಕು ಗಂಟೆಗೆ ಎದ್ದು ಸೊಪ್ಪು ಕೊಯ್ದು, ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಮೂರು ಹೊತ್ತು ಹುಳುವಿಗೂ ಮನುಷ್ಯರಿಗೂ ಮೇವು ಕೊಟ್ಟು ನಾನು ಮನೆಯಲ್ಲಿ ‘ಇದ್ದೆ’. ಆ ಹೊತ್ತಿನ ನನ್ನ ಸಿಟ್ಟಿಗೆ ಒಲೆ ಹಚ್ಚದೆಯೇ ಅನ್ನ ಬೆಂದಿತು.

ಅವರು ಹೋದ ಮೇಲೆ ಗಂಡ ನನಗೆ ಲೆಕ್ಕ ಕಲಿಸಿದ.

“ನೀನು ಹದಿನಾಲ್ಕು ತರ್ತೀಯ. ನಿನ್ನ ಬದಲು ಇಲ್ಲಿ ಇಬ್ಬರು ಕೂಲಿಯವರನ್ನ ಇಡ್ಬೇಕು, ಇಪ್ಪತ್ತು ಹೋಗತ್ತೆ. ಲಾಸು ಕಣೇ.”

“ಅಂದ್ರೆ ನಾನು ಇಪ್ಪತ್ತು ಸಾವಿರದ ಕೆಲಸ ಮಾಡ್ತಿದೀನಿ ಅಂತಾಯ್ತು. ಕೊಡಿ.”

“ಮನೆಯವಳಿಗೆ ಯಾರಾದ್ರೂ ಕೂಲಿ ಕೊಡ್ತಾರೇನೇ?”

“ಹಂಗಾದ್ರೆ ಕೂಲಿ ಕೊಡೋರ ಹತ್ರ ಹೋಗ್ತೀನಿ.”

ನಕ್ಕ. ಆ ನಗುವನ್ನು ನಾನು ಇವತ್ತಿಗೂ ಅರಗಿಸಿಕೊಂಡಿಲ್ಲ.

ಬೆಳೆಯ ಕೊನೆಗೆ ಹುಳು ಹಣ್ಣಾಗುತ್ತದೆ. ಮೇವು ಬಿಡುತ್ತದೆ, ಮೈ ದ್ರಾಕ್ಷಿಯ ಹಾಗೆ ತಿಳಿಯಾಗುತ್ತದೆ. ಅಂಥವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಬಿಟ್ಟು ಗೂಡು ಹಾಳು. ಬೇಗ ಆಯ್ದರೆ ಹಸಿ ಹುಳು ಗೂಡೇ ಕಟ್ಟುವುದಿಲ್ಲ. ಪಕ್ಕದ ಹೊಲದ ಬಯ್ಯಪ್ಪನೂ ನಾವು ತಂದ ದಿನವೇ ಹುಳು ತಂದಿದ್ದ. ಆದ್ದರಿಂದ ಅದೇ ವಾರ ಎರಡು ಮನೆಯಲ್ಲೂ ಒಂದೇ ಬೆಳಿಗ್ಗೆ ಹಣ್ಣಾಯಿತು. ಅಂಥ ದಿನ ಕೂಲಿಗೆ ಜನ ಸಿಗುವುದಿಲ್ಲ. ಬಯ್ಯಪ್ಪ ಆರುನೂರು ರೂಪಾಯಿ, ಮಧ್ಯಾಹ್ನದ ಊಟ ಎಂದು ಊರೆಲ್ಲ ಸಾರಿದ್ದ.

ನಾನು ತಲೆಗೆ ಟವೆಲ್ ಕಟ್ಟಿಕೊಂಡು ಬಯ್ಯಪ್ಪನ ಹುಳುಮನೆಗೆ ಹೋಗಿ ಕೂತೆ.

“ಏನಮ್ಮಾ, ನಿಮ್ಮನೇಲೂ ಹಣ್ಣಾಗಿಲ್ವಾ?” ಎಂದ ಬಯ್ಯಪ್ಪ.

“ಆಗಿದೆ. ಅಲ್ಲಿ ಕೂಲಿ ಇಲ್ಲ.”

ಒಂದು ಗಂಟೆಯಲ್ಲಿ ಹತ್ತು ಜನರ ಕೆಲಸ ಮಾಡಿದೆ. ಬೇಕಾದರೆ ಇಪ್ಪತ್ತು ಎಂದುಕೊಳ್ಳಿ. ಅಷ್ಟರಲ್ಲಿ ಗಂಡ ಬಾಗಿಲಿಗೆ ಬಂದು ಕೂಗಿದ: “ಏಳೇ ಮೇಲೆ! ಅಲ್ಲಿ ಹುಳ ಎಲ್ಲ ಕಸದಲ್ಲಿ ನೂಲು ಬಿಡ್ತಾ ಇದೆ, ಇಲ್ಲಿ ಕೂಲಿಗೆ ಕೂತಿದೀಯ? ನನ್ನ ಹೆಂಡ್ತಿ ಕಣೇ ನೀನು!”

“ಅಲ್ಲ ಅಂದೋರ್ಯಾರು? ಹೆಂಡ್ತಿ ಸಂಜೆ ಬರ್ತಾಳೆ. ಇಲ್ಲಿರೋಳು ಕೂಲಿಯವಳು.”

ಕೂತವರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅವನು ಹೋದ; ಸ್ವಲ್ಪ ಹೊತ್ತಿಗೆ ತಾಯಿಯನ್ನು ಕಳಿಸಿದ. ಅತ್ತೆ ವೆಂಕಟರತ್ನಮ್ಮ ಬಂದು ನನ್ನನ್ನು ನೋಡಿದರು, ಬಯ್ಯಪ್ಪನನ್ನು ನೋಡಿದರು.

“ಏಮಿರಾ ಬಯ್ಯಪ್ಪ, ಮುದುಕಿಗೂ ಆರುನೂರೇನಾ?”

“ಕೈ ಆಡಿದ್ರೆ ಆರುನೂರೇ ಅಕ್ಕಯ್ಯ.”

ಅತ್ತೆ ನನ್ನ ಪಕ್ಕ ಕೂತರು. “ನಲವತ್ತು ವರ್ಷದಿಂದ ಹುಳ ಆಯ್ತಿದೀನಿ. ಕೂಲಿ ಅಂತ ಕೈಗೆ ಒಂದು ರೂಪಾಯಿ ಬಿದ್ದಿಲ್ಲ. ಇವತ್ತೊಂದು ದಿನ ನೋಡಣ,” ಎಂದರು. ಅವರ ಬೆರಳು ನನಗಿಂತ ಚುರುಕಾಗಿ ಓಡಿತು. ಈ ಒಂದನ್ನು ಮಾತ್ರ ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಸಂಜೆ ಐದಕ್ಕೆ ಮನೆಗೆ ಬಂದೆವು. ಹುಳುಮನೆಯ ಬಾಗಿಲು ತೆಗೆದೆ. ಅರ್ಧಕ್ಕರ್ಧ ಹುಳು ಸೊಪ್ಪಿನ ಕಡ್ಡಿಗೆ, ಹಿಕ್ಕೆಗೆ ಅಂಟಿಕೊಂಡು ನೂಲು ಸುತ್ತುತ್ತಿದ್ದವು. ನಾನು ಮೇಯಿಸಿದ ಹುಳು. ಅವನ ಖಾತೆಗೆಂದು ಎಸೆದ ಕಲ್ಲು ನಾನು ಸಾಕಿದ ಈ ಮಕ್ಕಳ ತಲೆಗೇ ತಗುಲಿದ ಹಾಗಾಯಿತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು. ಅವನು ಮಂಡಿಯೂರಿ ಹಸಿ ಹುಳುಗಳನ್ನು ಹಿಡಿಹಿಡಿಯಾಗಿ ಚಂದ್ರಿಕೆಗೆ ಸುರಿಯುತ್ತಿದ್ದ.

“ಹಣ್ಣು ಯಾವುದು ಅಂತ ಹೇಳೇ,” ಎಂದ.

ನನ್ನ ಕೈ ತುರಿಸುತ್ತಿತ್ತು. ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. “ಸೋಮವಾರದಿಂದ ಚಾಕಿ ಕೇಂದ್ರಕ್ಕೆ ಹೋಗ್ತೀನಿ. ಸಂಬಳ ನನ್ನ ಖಾತೆಗೆ. ಗೂಡಿನ ದುಡ್ಡಲ್ಲಿ ಏನು ತಂದ್ರೂ ನನ್ನನ್ನೂ ಅತ್ತೇನೂ ಕೇಳಿ ತರೋದು.”

“ಹುಳ ಸಾಯ್ತಾ ಇದೆ, ಈಗೇನೇ ಇದು?”

“ಈಗಲೇ. ಬೇರೆ ದಿನ ಕೇಳಿದ್ರೆ ನೀವು ನಗ್ತೀರ.”

ಅವನು ತಾಯಿಯ ಕಡೆ ನೋಡಿದ. ಅತ್ತೆ ಸೆರಗಿನ ತುದಿಗೆ ಆರುನೂರು ರೂಪಾಯಿ ಕಟ್ಟಿಕೊಳ್ಳುತ್ತಿದ್ದರು, ತಲೆಯೆತ್ತಲಿಲ್ಲ.

“ಹೋಗು! ಹೋಗು, ಏನಾದ್ರೂ ಮಾಡ್ಕೋ!” ಎಂದು ಕಿರುಚಿದ.

“ಕಿರುಚಿದ್ರೂ ಒಪ್ಪಿದ ಹಾಗೇ,” ಎಂದು ನಾನು ಕೂತೆ. ಅವನು ‘ಬದುಕಿದೆಯಪ್ಪಾ’ ಎನ್ನುವಂತೆ ಎದ್ದು ಹೊರಗೆ ಹೊರಟ.

“ಎಲ್ಲಿಗ್ರೀ? ಕೂತ್ಕಳಿ. ಮುಂದಿನ ಬೆಳೆ ನೋಡೋರು ನೀವೇ.”

ಕೂತ. ಹಸಿ ಹುಳುವಿಗೆ ಮತ್ತೆ ಕೈ ಹಾಕಿದ. ಆ ಕೈ ಮೇಲೆ ಪಟಾರನೆ ಒಂದು ಬಿಟ್ಟೆ.